ಕೊಯ್ಲಿನ ಮನೆಗೆ ರಜೆಗೆ ಬಂದವರಿಗೆ: ಡಿಸೆಂಬರ್ ರಜೆಯನ್ನು ಮನೆಯವರ ಜೊತೆ ಕಳೆಯುವ ಕ್ರಮ

ನಾನು ಹುಬ್ಬಳ್ಳಿಯಲ್ಲಿ ಪಾಠ ಮಾಡುತ್ತೇನೆ. ಮನೆ ಶಿರಸಿ ತಾಲೂಕಿನ ಹಳ್ಳಿಯಲ್ಲಿ. ರಜೆ ಮುಗಿಸಿ ಬಂದ ನಮ್ಮ ಕಡೆಯ ಮಕ್ಕಳು ವರ್ಷ ವರ್ಷವೂ ಒಂದೇ ಮಾತು ಹೇಳುತ್ತಾರೆ. "ಸರ್, ರಜೆ ಹೇಗೆ ಮುಗೀತೋ ಗೊತ್ತೇ ಆಗ್ಲಿಲ್ಲ." ಸ್ವಲ್ಪ ಕೇಳಿದರೆ ಉಳಿದದ್ದೂ ಹೊರಗೆ ಬರುತ್ತದೆ. ಹತ್ತು ಗಂಟೆಗೆ ಏಳುವುದು, ಮೊಬೈಲು, ನಾಲ್ಕನೇ ದಿನ ಅಪ್ಪನ ಜೊತೆ ಮಾತಿಗೆ ಮಾತು, ಆಮೇಲೆ ಕೋಣೆ ಬಾಗಿಲು ಹಾಕಿಕೊಂಡು ಕೂರುವುದು. ಹೊರಡುವ ದಿನ ಆಯಿ (ಅಮ್ಮ) ಕಣ್ಣು ಒರೆಸಿಕೊಂಡಾಗ ಮಾತ್ರ ಎದೆ ಭಾರ.

ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ರಜೆ ಇರುವುದು ನಿಮಗೆ, ಮನೆಗೆ ರಜೆ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ನಿಮ್ಮ ರಜೆ ಬರುವುದೇ ಅಡಿಕೆ ಕೊಯ್ಲಿನ ನಟ್ಟನಡುವೆ. ವರ್ಷದಲ್ಲೇ ಜಾಸ್ತಿ ಕೆಲಸ ಇರುವ ಹೊತ್ತಿಗೆ ನೀವು ವಿಶ್ರಾಂತಿಗೆ ಬರುತ್ತೀರಿ. ಹಾಗಾಗಿ ಮೊದಲು ಮನೆಯ ಗಡಿಯಾರಕ್ಕೆ ಸೇರಿಕೊಳ್ಳಬೇಕು. ನಿಮ್ಮ ಸಮಯ ಕೇಳುವುದು ಆಮೇಲೆ. ಈ ಎರಡನ್ನು ಹಿಂದುಮುಂದು ಮಾಡಿದವರೇ ಪ್ರತಿ ವರ್ಷ ಬೇಜಾರಿನಲ್ಲಿ ವಾಪಸ್ ಬರುತ್ತಾರೆ.

ಬ್ಯಾಗಿನಲ್ಲಿ ಏನಿರಬೇಕು

ಹಳೆಯ ತುಂಬುತೋಳಿನ ಅಂಗಿ ಎರಡು, ಹಳೆಯ ಪ್ಯಾಂಟು ಒಂದು. ಚೊಗರಿನ (ಅಡಿಕೆಯ ಒಗರು ರಸದ) ಕಲೆ ಬಿದ್ದರೆ ಹೋಗುವುದಿಲ್ಲ, ಹೊಸ ಬಟ್ಟೆ ಹಾಕಿಕೊಂಡು ತೋಟಕ್ಕೆ ಇಳಿಯಬೇಡಿ. ಕಾಲು ಪೂರ್ತಿ ಮುಚ್ಚುವ ಶೂ ಅಥವಾ ಗಮ್ ಬೂಟು. ತಲೆಗೆ ಕಟ್ಟುವ ಟಾರ್ಚು. ಒಂದು ಸ್ವೆಟರ್, ಏಕೆಂದರೆ ಘಟ್ಟದ ಮೇಲೆ ಬೆಳಗಿನ ಚಳಿ ಚೆನ್ನಾಗಿಯೇ ಇರುತ್ತದೆ. ನೂರು ಪುಟದ ನೋಟ್‌ಬುಕ್ಕು. ಪವರ್ ಬ್ಯಾಂಕ್. ರಜೆಯಲ್ಲಿ ಓದಬೇಕಾದ ಪಾಠ, ವಿಡಿಯೋ ಎಲ್ಲವನ್ನೂ ಹಾಸ್ಟೆಲ್ಲಿನಲ್ಲೇ ಇಳಿಸಿಕೊಳ್ಳಿ. ಹಳ್ಳಿ ಮನೆಯ ನೆಟ್‌ವರ್ಕ್ ನಂಬಿ ಅಸೈನ್‌ಮೆಂಟ್ ಕಳಿಸಲು ಹೋಗಿ, ಕೊನೆಯ ದಿನ ಗುಡ್ಡ ಹತ್ತಿ ಸಿಗ್ನಲ್ ಹುಡುಕಿದವರು ಬೇಕಾದಷ್ಟು ಜನ ಇದ್ದಾರೆ.

ಹಂತ 1: ಹೊರಡುವ ಮೊದಲೇ ಒಂದು ಫೋನ್

ಟಿಕೆಟ್ ಮಾಡಿಸುವ ಮೊದಲು ಅಪ್ಪನಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಮುಂದಿನ ಕೊಯ್ಲು ಯಾವಾಗ? ಕೊನೆಗೌಡ (ಮರ ಹತ್ತಿ ಅಡಿಕೆಯ ಕೊನೆ, ಅಂದರೆ ಗೊಂಚಲು, ಕೊಯ್ಯುವವ) ಯಾವ ದಿನ ಬರುತ್ತೇನೆ ಅಂದಿದ್ದಾನೆ? ಸುಲಿಗೆ, ಅಂದರೆ ಅಡಿಕೆಯ ಸಿಪ್ಪೆ ಸುಲಿಯುವುದು, ಮಷಿನ್ನಿಗೋ, ಕೈಗೋ? ಒಂದೇ ತೋಟಕ್ಕೆ ಎರಡು ಮೂರು ಕೊಯ್ಲು ಇರುತ್ತವೆ. ಕೊನೆಗೌಡರು ಸಿಗುವುದೇ ಕಷ್ಟವಾದ್ದರಿಂದ ದಿನ ಅತ್ತಿತ್ತ ಆಗುತ್ತದೆ. ಆ ದಿನಗಳನ್ನು ಬರೆದುಕೊಳ್ಳಿ. ಗೆಳೆಯರ ಜೊತೆ ಗೋಕರ್ಣಕ್ಕೆ ಹೋಗುವ ಮಾತು ಅದಾದ ಮೇಲೆ. ಬಹಳ ಜನ ಮೊದಲು ಗೋಕರ್ಣ ಗೊತ್ತು ಮಾಡಿಕೊಂಡು ಬರುತ್ತಾರೆ. ಅದೇ ದಿನ ಕೊನೆಗೌಡ ಬರುತ್ತಾನೆ. ಜಗಳ ಶುರುವಾಗುವುದು ಅಲ್ಲಿಂದ.

ಬೆಂಗಳೂರಿನಿಂದ ಕುಮಟಾ, ಅಂಕೋಲಾ, ಕಾರವಾರದ ಕಡೆ ಬರುವವರು ಪಂಚಗಂಗಾ ಎಕ್ಸ್‌ಪ್ರೆಸ್ ನೋಡುತ್ತೀರಿ. ರೈಲ್ವೆ ಮುಂಗಡ ಬುಕ್ಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಕ್ರಿಸ್‌ಮಸ್ ವಾರದ ಟಿಕೆಟ್ ಬೇಕಾದರೆ ಅಕ್ಟೋಬರ್ ಕೊನೆಯಲ್ಲೇ ಕಣ್ಣಿಟ್ಟಿರಬೇಕು. ಕುಮಟಾದಲ್ಲಿ ಇಳಿದು ಶಿರಸಿಗೆ ಹತ್ತುವವರು ದೇವಿಮನೆ ಘಟ್ಟದ ರಸ್ತೆ ತೆರೆದಿದೆಯೇ ಅಂತ ಊರಿನವರನ್ನು ಕೇಳಿ ಹೊರಡಿ. ರಸ್ತೆ ಕೆಲಸಕ್ಕೆ ಅದನ್ನು ಬಂದ್ ಮಾಡಿದ್ದುಂಟು.

ಹಂತ 2: ಮೊದಲ ಎರಡು ದಿನ

ನಿದ್ದೆ ಮಾಡಿ. ಪರೀಕ್ಷೆ ಬರೆದು ಬಂದ ಮೈಗೆ ಅದು ಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಂದ ದಿನವೇ ಆಯಿಗೆ ಬಾಯಿಬಿಟ್ಟು ಹೇಳಿ: "ಆಯಿ, ಎರಡು ದಿನ ಮಲಗ್ತೇನೆ. ಮೂರನೇ ದಿನದಿಂದ ನಿಮ್ಮ ಜೊತೆ ಏಳ್ತೇನೆ." ಹೇಳಿ ಮಲಗಿದರೆ ಅದು ವಿಶ್ರಾಂತಿ. ಹೇಳದೆ ಮಲಗಿದರೆ "ಪೇಟೆ ಸೇರಿ ಸೋಮಾರಿ ಆದ" ಅನ್ನುವ ಮಾತು ಆಗುತ್ತದೆ.

ಈ ಎರಡು ದಿನದಲ್ಲಿ ನಿಮ್ಮ ಬಟ್ಟೆ ನೀವೇ ಒಗೆದುಕೊಳ್ಳಿ. ಮೂರು ತಿಂಗಳ ಕೊಳೆ ಬಟ್ಟೆಯ ಗಂಟನ್ನು ಕೊಯ್ಲಿನ ಮಧ್ಯೆ ಆಯಿಯ ಮುಂದೆ ಇಳಿಸುವುದು ನಾನು ಕಂಡ ತಪ್ಪುಗಳಲ್ಲೇ ದೊಡ್ಡದು. ಊಟಕ್ಕೆ ಮಾತ್ರ ಎಲ್ಲರ ಜೊತೆ ಕೂರಿ. ಫೋನು ಕೋಣೆಯಲ್ಲಿ ಬಿಟ್ಟು ಬನ್ನಿ.

ಇನ್ನೊಂದು ಕೆಲಸ, ಸುಮ್ನೆ ನೋಡುವುದು. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ? ಬಚ್ಚಲ ಒಲೆಗೆ ಬೆಂಕಿ ಹಾಕುವವರು ಯಾರು? ಕೊಟ್ಟಿಗೆ ಕೆಲಸ ಯಾರದು? ಯಾರ ಸೊಂಟ ನೋಯುತ್ತಿದೆ, ಯಾರು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದಾರೆ? ನೀವು ಜೂನ್‌ನಲ್ಲಿ ಬಿಟ್ಟುಹೋದ ಮನೆಯೇ ಇನ್ನೂ ಇದೆ ಅಂದುಕೊಳ್ಳಬೇಡಿ. ಆರು ತಿಂಗಳಲ್ಲಿ ಅಜ್ಜನಿಗೆ ಆರು ತಿಂಗಳು ಜಾಸ್ತಿಯೇ ವಯಸ್ಸಾಗಿರುತ್ತದೆ.

ಹಂತ 3: ಒಂದು ಕೆಲಸ ಪೂರ್ತಿ ನಿಮ್ಮದು

"ಎಂತಾದ್ರೂ ಮಾಡ್ಲಾ?" ಅಂತ ಕೇಳಿಕೊಂಡು ಹಿಂದೆ ಮುಂದೆ ತಿರುಗಿದರೆ ಯಾರಿಗೂ ಪ್ರಯೋಜನ ಇಲ್ಲ. ಕೆಲಸ ಹೇಳಿಕೊಡುವುದೂ ಒಂದು ಕೆಲಸವೇ. ಅದರ ಬದಲು ದಿನಾ ಆಗಲೇಬೇಕಾದ ಒಂದು ಕೆಲಸ ಆರಿಸಿ, ಮೂರನೇ ದಿನದಿಂದ ಹೊರಡುವ ದಿನದವರೆಗೆ ಅದು ನಿಮ್ಮದು ಅನ್ನಿ.

ನಾನು ಹೇಳುವುದು ಅಡಿಕೆ ಹರಗುವ (ಒಣಗಲು ಹರಡುವ), ಮುಚ್ಚುವ ಕೆಲಸ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಅಟ್ಟದ ಮೇಲೋ ಅಂಗಳದಲ್ಲೋ ಅಡಿಕೆ ಹರಗಬೇಕು, ನಡುವೆ ಕೈಯಾಡಿಸಬೇಕು, ಸಂಜೆ ಇಬ್ಬನಿ ಬೀಳುವ ಮೊದಲು ತಾಡಪತ್ರಿ ಮುಚ್ಚಬೇಕು. ಒಂದು ಸಂಜೆ ಮರೆತರೂ ಒಣಗಿದ್ದು ಮತ್ತೆ ತೇವ ಹಿಡಿಯುತ್ತದೆ. ಡಿಸೆಂಬರ್‌ನಲ್ಲಿ ಒಮ್ಮೊಮ್ಮೆ ಅಕಾಲ ಮಳೆಯೂ ಬರುವುದರಿಂದ ಮೋಡ ನೋಡುತ್ತಿರಬೇಕು. ಈ ಕೆಲಸಕ್ಕೆ ವಿಶೇಷ ಕೌಶಲ ಬೇಡ, ಆದರೆ ಮರೆಯುವ ಹಾಗಿಲ್ಲ. ಅದನ್ನು ನೀವು ವಹಿಸಿಕೊಂಡರೆ ಅಪ್ಪನ ತಲೆಯಿಂದ ಒಂದು ಭಾರ ಇಳಿಯುತ್ತದೆ. ನಡುವಿನ ಹೊತ್ತು ಪೂರ್ತಿ ಓದಲು ಸಿಗುತ್ತದೆ.

ಬೇಡ ಅಂದರೆ ಬೇರೆಯವೂ ಇವೆ. ಬಚ್ಚಲ ಒಲೆ ಹೊತ್ತಿಸುವುದು, ಉದುರಡಿಕೆ ಹೆಕ್ಕುವುದು, ಸಂಜೆ ದನಕ್ಕೆ ಹುಲ್ಲು ಹಾಕುವುದು. ಅಡುಗೆಮನೆ ಹುಡುಗಿಯರಿಗೆ, ತೋಟ ಹುಡುಗರಿಗೆ ಅಂತ ಹಂಚಬೇಡಿ. ಕೊಯ್ಲಿನ ದಿನ ಆಳುಗಳೂ ಸೇರಿ ಹದಿನೈದು ಜನಕ್ಕೆ ಚಹಾ, ತಿಂಡಿ, ಊಟ ಆಗಬೇಕು. ತೆಳ್ಳೇವು (ತೆಳ್ಳನೆಯ ದೋಸೆ) ಎರೆಯಲು ಕಲಿತ ಹುಡುಗ ಆ ದಿನ ಆಯಿಗೆ ಮಾಡುವ ಉಪಕಾರ ಸಣ್ಣದಲ್ಲ.

ಹಂತ 4: ಕೊಯ್ಲಿನ ದಿನ

ಬೆಳಿಗ್ಗೆ ಇಬ್ಬನಿಗೆ ಮರ ಜಾರುತ್ತದೆ. ಅದು ಆರಿದ ಮೇಲೆಯೇ ಕೊನೆಗೌಡ ಮರ ಹತ್ತುವುದು. ಅಷ್ಟರೊಳಗೆ ಚೀಲ, ಬುಟ್ಟಿ, ಕುಡಿಯುವ ನೀರು ತೋಟಕ್ಕೆ ಮುಟ್ಟಿಸಿ. ನಿಮ್ಮ ಜಾಗ ಕೆಳಗೆ. ಉದುರಿದ್ದು ಹೆಕ್ಕುವುದು, ಕೊನೆ ಒಟ್ಟು ಮಾಡುವುದು, ಹೊರುವುದು. ಮೇಲಿನಿಂದ ಹಗ್ಗದಲ್ಲಿ ಜಾರಿ ಬರುವ ಕೊನೆ ಹಿಡಿಯುವುದು ರೂಢಿ ಇದ್ದವರ ಕೆಲಸ. ಮೊದಲ ದಿನ ನೋಡಿ ಕಲಿಯಿರಿ, ಅವರು ಕರೆದರೆ ಮಾತ್ರ ಕೈ ಹಾಕಿ.

ಇಲ್ಲಿ ಆಗುವ ತಪ್ಪುಗಳು ಅಪಾಯದವು, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಹತ್ತುತ್ತಿರುವ ಮರದ ಬುಡದಲ್ಲಿ ನಿಂತು ವಿಡಿಯೋ ತೆಗೆಯಬೇಡಿ. ತುಂಬಿದ ಕೊನೆ ಅಷ್ಟು ಎತ್ತರದಿಂದ ಬಿದ್ದರೆ ತಲೆ ಉಳಿಯುವುದಿಲ್ಲ. ಉತ್ಸಾಹಕ್ಕೆ ಮರ ಹತ್ತಬೇಡಿ. ದೋಟಿಯಲ್ಲಿ (ಕೆಳಗೆ ನಿಂತು ಕೊಯ್ಯುವ ಉದ್ದದ ಕೋಲಿನಲ್ಲಿ) ಕೊಯ್ಯುವ ಮನೆಯಾದರೆ ತೋಟದ ಮೇಲೆ ಅಥವಾ ಅಂಚಿನಲ್ಲಿ ವಿದ್ಯುತ್ ತಂತಿ ಎಲ್ಲೆಲ್ಲಿ ಹಾದುಹೋಗಿದೆ ಅಂತ ಮೊದಲೇ ತಲೆ ಎತ್ತಿ ನೋಡಿ. ಉದ್ದದ ದೋಟಿ ತಂತಿಗೆ ತಾಗಿ ಜೀವ ಹೋದವರಿದ್ದಾರೆ. ಅಲ್ಯೂಮಿನಿಯಂ ದೋಟಿ ಇರಲಿ, ಫೈಬರ್ ದೋಟಿ ಇರಲಿ, ತಂತಿಯ ಹತ್ತಿರದ ಮರ ಬಿಟ್ಟುಬಿಡಿ.

ಕಾದಿಗೆ (ತೋಟದ ನೀರಿನ ಕಾಲುವೆ) ದಾಟುವಾಗ ಸಂಕದ (ಕಾಲುಸೇತುವೆಯ) ಮೇಲೆ ಪಾಚಿ ಇರುತ್ತದೆ. ಹೊರೆ ಹೊತ್ತವರಿಗೆ ಕಾಲಿನ ಕೆಳಗಿನದು ಕಾಣುವುದಿಲ್ಲ. ಮೊದಲ ದಿನ ಅರ್ಧ ಹೊರೆ ಸಾಕು. ಪೌರುಷ ತೋರಿಸಲು ಹೋಗಿ ಸೊಂಟ ಹಿಡಿಸಿಕೊಂಡರೆ ಉಳಿದ ರಜೆ ಪೂರ್ತಿ ಮಂಚದ ಮೇಲೆ.

ಹಂತ 5: ಸುಲಿಗೆಯ ರಾತ್ರಿ

ಇಡೀ ರಜೆಯಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಕೊಯ್ದ ಹಸಿ ಅಡಿಕೆಯನ್ನು ಹಾಗೇ ರಾಶಿ ಹಾಕಿಟ್ಟರೆ ಬಣ್ಣ ಕೆಡುತ್ತದೆ. ಹಾಗಾಗಿ ಬೇಗ ಸುಲಿದು ಬೇಯಿಸಬೇಕು. ಕೈ ಸುಲಿಗೆ ಇರುವ ಮನೆಯಲ್ಲಿ ಸಂಜೆಯಾದ ಮೇಲೆ ಅಕ್ಕಪಕ್ಕದವರೂ ಸೇರಿ ಮೆಟ್ಟುಗತ್ತಿ ಹಿಡಿದು ಕೂರುತ್ತಾರೆ. ಕೈಗೆ ಕೆಲಸ, ಬಾಯಿ ಬಿಡುವು. ಮನೆಯವರು ನಿಜವಾಗಿ ಮಾತಾಡುವುದು ಈ ಹೊತ್ತಿನಲ್ಲಿ.

ಎದುರು ಕೂರಿಸಿಕೊಂಡು "ಮುಂದೆ ಎಂತ ಮಾಡ್ತೆ?" ಅಂತ ಅಪ್ಪ ಕೇಳಿದರೆ ನಿಮಗೆ ಕಿರಿಕಿರಿ ಆಗುತ್ತದೆ. ಅದೇ ಪ್ರಶ್ನೆ ಅಡಿಕೆ ಸುಲಿಯುತ್ತಾ ಬಂದರೆ ಅಷ್ಟು ಚುಚ್ಚುವುದಿಲ್ಲ. ಇಬ್ಬರ ಕಣ್ಣೂ ಕತ್ತಿಯ ಮೇಲೆ ಇರುತ್ತದೆ, ಮುಖ ನೋಡಬೇಕಾಗಿಲ್ಲ. ಕಷ್ಟದ ಮಾತು ಏನಾದರೂ ಹೇಳುವುದಿದ್ದರೆ, ಒಂದು ವಿಷಯದಲ್ಲಿ ಫೇಲಾಗಿದೆ, ಕೋರ್ಸ್ ಹಿಡಿಸುತ್ತಿಲ್ಲ, ಫೀಸಿಗೆ ದುಡ್ಡು ಬೇಕು, ಇಂಥದ್ದಕ್ಕೆ ಈ ರಾತ್ರಿಯೇ ಸರಿ. ಅಕ್ಕಪಕ್ಕದವರು ಎದ್ದುಹೋದ ಮೇಲೆ ಉಳಿಯುವ ಅರ್ಧ ಗಂಟೆ ಬಳಸಿಕೊಳ್ಳಿ. ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಹೇಳಬೇಡಿ. ನನ್ನ ಎರಡನೇ ವರ್ಷದ ರಜೆಯಲ್ಲಿ ನಾನು ಹಾಗೆ ಹೇಳಿ ಬಸ್ ಹತ್ತಿದ್ದೆ. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಆ ನೋವು ಇನ್ನೂ ಹೋಗಿಲ್ಲ.

ಕೂರುವ ಕ್ರಮ ಹೀಗೆ. ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಿ, ಕಲೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಕತ್ತಿಯ ಅಲಗು ಮೇಲ್ಮುಖ ಇರುವುದರಿಂದ ಮೊದಲ ದಿನ ನಿಧಾನ, ಒಂದೊಂದೇ ಅಡಿಕೆ. ವೇಗ ಅಮ್ಮಮ್ಮನಿಗೆ ಬಿಡಿ. ಕತ್ತಿ ಮುಂದೆ ಕೂತಾಗ ಫೋನು ನೋಡಬಾರದು. ಬೆರಳು ಹೋಗುವುದು ಹಾಗೆಯೇ. ಸುಲಿಯಲು ಬಾರದಿದ್ದರೆ ಲೆಕ್ಕ ಬರೆಯುವ ಕೆಲಸ ಹಿಡಿಯಿರಿ. ಯಾರು ಎಷ್ಟು ಡಬ್ಬ ಸುಲಿದರು, ಎಷ್ಟು ಕೊಡಬೇಕು ಅಂತ ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಬರೆದರೆ ಸುಲಿಯುವವರಿಗೂ ನ್ಯಾಯ, ಅಪ್ಪನಿಗೂ ಅನುಕೂಲ.

ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅಜ್ಜ ಹೇಳಿದ್ದು ಬರೆಯಿರಿ. "ಹಳೇ ಕಾಲದ ಕಥೆ ಹೇಳು" ಅಂದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಸಣ್ಣದಾಗಿ ಕೇಳಿ. ಈ ತೋಟದಲ್ಲಿ ಮೊದಲು ನೆಟ್ಟ ಸಾಲು ಯಾವುದು? ಕರೆಂಟು ಬರುವ ಮೊದಲು ರಾತ್ರಿ ಸುಲಿಗೆಗೆ ಬೆಳಕು ಯಾವುದು? ನೀವು ಕಾಲೇಜಿಗೆ ಯಾಕೆ ಹೋಗಲಿಲ್ಲ? ಕೊನೆಯ ಪ್ರಶ್ನೆಯನ್ನು ಮೆತ್ತಗೆ ಕೇಳಿ. ಉತ್ತರ ಬರಲು ಹೊತ್ತು ಹಿಡಿಯಬಹುದು, ಕಾಯಿರಿ.

ಬೇಯಿಸುವ ಹಂಡೆಯ ಹತ್ತಿರ ನೈಲಾನ್ ಬಟ್ಟೆ ಹಾಕಿಕೊಂಡು ಹೋಗಬೇಡಿ. ಸಣ್ಣ ಮಕ್ಕಳನ್ನು ದೂರ ಇಡಿ. ಕುದಿಯುವ ಚೊಗರು ಸಿಡಿದರೆ ಚರ್ಮವೇ ಏಳುತ್ತದೆ.

ಹಂತ 6: ಮನೆಯ ಕಾಗದ, ಫೋನು, ಔಷಧಿ

ಕೊಯ್ಲಿಲ್ಲದ ಒಂದು ಮಧ್ಯಾಹ್ನ ಇದಕ್ಕೆ ಇಡಿ. ಅಜ್ಜ, ಅಮ್ಮಮ್ಮನ ಗುಳಿಗೆಗಳನ್ನೆಲ್ಲ ಹೊರಗೆ ತೆಗೆದು, ಅವಧಿ ಮುಗಿದದ್ದನ್ನು ಬೇರೆ ಮಾಡಿ. ಯಾವುದು ಯಾವಾಗ ಅಂತ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಕಣ್ಣಿನ ಪರೀಕ್ಷೆ ಬಾಕಿ ಇದ್ದರೆ ಶಿರಸಿಗೆ ನೀವೇ ಕರೆದುಕೊಂಡು ಹೋಗಿ. ಪಿಎಂ ಕಿಸಾನ್ ಇ-ಕೆವೈಸಿ, ಬೆಳೆ ಸಮೀಕ್ಷೆ, ಪಹಣಿಯಲ್ಲಿ ಹೆಸರಿನ ತಪ್ಪು, ಇವೆಲ್ಲ ಅಪ್ಪನಿಗೆ ವಾರದ ತಲೆನೋವು. ಕೂತು ನೋಡಿದರೆ ನಿಮಗೆ ಒಂದು ದಿನದ ಕೆಲಸ.

ಫೋನಿನಲ್ಲಿ ದುಡ್ಡು ಹೊಡೆಯುವವರ ಬಗ್ಗೆ ಬಿಡಿಸಿ ಹೇಳಿ. ವಿಡಿಯೋ ಕರೆಯಲ್ಲಿ ಪೊಲೀಸ್ ವೇಷ ತೋರಿಸಿ "ಡಿಜಿಟಲ್ ಅರೆಸ್ಟ್" ಅನ್ನುವುದು ಶುದ್ಧ ಮೋಸ, ಅಂಥ ಬಂಧನ ಕಾನೂನಿನಲ್ಲಿ ಇಲ್ಲ. ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ನಂಬರನ್ನು ಆಯಿಯ ಫೋನಿನಲ್ಲಿ ಉಳಿಸಿಕೊಡಿ. ಕಲಿಸುವಾಗ ಫೋನು ಅವರ ಕೈಯಲ್ಲೇ ಇರಲಿ. "ಕೊಡಿ ಇಲ್ಲಿ, ನಾ ಮಾಡ್ತೆ" ಅಂದರೆ ಅವರು ಕಲಿಯುವುದಿಲ್ಲ.

ಹಂತ 7: ಆಯಿಯ ಜೊತೆ ಒಂದು ದಿನ ಹೊರಗೆ

ಎರಡು ಕೊಯ್ಲಿನ ನಡುವೆ ದಿನ ಹುಡುಕಿ. ಜಾಗ ಆಯಿ ಹೇಳಲಿ. ಬನವಾಸಿ ಶಿರಸಿಯಿಂದ 20ರಿಂದ 25 ಕಿ.ಮೀ. ಬೆಳಿಗ್ಗೆ ಹೋಗಿ ಮಧುಕೇಶ್ವರನ ದರ್ಶನ ಮಾಡಿ, ವರದಾ ನದಿ ನೋಡಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಸಹಸ್ರಲಿಂಗಕ್ಕೂ ಇದೇ ಸರಿಯಾದ ಕಾಲ. ಶಾಲ್ಮಲಾ ಹೊಳೆಯ ನೀರು ಇಳಿದು ಲಿಂಗಗಳು ಕಾಣುತ್ತವೆ. ಇಡೀ ದಿನ ಸಿಕ್ಕರೆ ಘಟ್ಟ ಇಳಿದು ಇಡಗುಂಜಿ, ಮುರುಡೇಶ್ವರ. ಆಯಿ ತವರಿಗೆ ಹೋಗಬೇಕು ಅಂದರೆ ಉಳಿದದ್ದೆಲ್ಲ ಬಿಟ್ಟು ಅಲ್ಲಿಗೇ ಹೋಗಿ.

ಆ ದಿನ ಮನೆಯ ಅಡುಗೆ, ಕೊಟ್ಟಿಗೆ ಯಾರು ನೋಡುತ್ತಾರೆ ಅಂತ ಹಿಂದಿನ ದಿನವೇ ಗೊತ್ತು ಮಾಡಿ. ಇದನ್ನು ಮರೆತರೆ ಆಯಿ ಹೊರಡುವುದೇ ಇಲ್ಲ.

ನೀರಿನ ಹತ್ತಿರ ಹುಷಾರು. ಹೊಳೆಯ ಬಂಡೆ ಜಾರುತ್ತದೆ, ಮೇಲೆ ತೆಳ್ಳಗೆ ಕಂಡ ನೀರಿನಲ್ಲಿ ಗುಂಡಿ ಇರುತ್ತದೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡರು. ಕೆಂಪು ಬಾವುಟ ಇದ್ದಲ್ಲಿ, ಕಾವಲಿನವರು ಬೇಡ ಅಂದಲ್ಲಿ ಕಾಲು ಒದ್ದೆ ಮಾಡಲೂ ಇಳಿಯಬೇಡಿ.

ಹಂತ 8: ಈಗ ನಿಮ್ಮ ಸಮಯ ಕೇಳಿ

ವಾರ ಕಳೆದಿರುತ್ತದೆ. ನಿಮ್ಮ ಕೆಲಸ ನೀವು ಮಾಡುತ್ತಿರುವುದು ಎಲ್ಲರ ಕಣ್ಣಿಗೆ ಬಿದ್ದಿರುತ್ತದೆ. ಈಗ ಕೇಳಿ. ದಿನಾ ಹನ್ನೊಂದರಿಂದ ಒಂದರವರೆಗೆ ಓದು, ಆ ಹೊತ್ತಿಗೆ ಕರೆಯಬೇಡಿ. ಶನಿವಾರ ಗೆಳೆಯರ ಜೊತೆ ಯಕ್ಷಗಾನ, ಬೆಳಿಗ್ಗೆ ಬರುತ್ತೇನೆ. ಎಲ್ಲಿ, ಯಾರ ಜೊತೆ, ಯಾವ ಗಾಡಿಯಲ್ಲಿ ಅಂತ ಕೇಳುವ ಮೊದಲೇ ಹೇಳಿಬಿಡಿ. ರಾತ್ರಿ ಘಟ್ಟದ ರಸ್ತೆಯಲ್ಲಿ ಮಂಜು ಇರುತ್ತದೆ, ಬೈಕಿನಲ್ಲಿ ಮೂವರು ಕೂರುವುದು ಬೇಡ.

ಕರಾವಳಿಯ ಮನೆಯವರಿಗೆ

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೂ ಕ್ರಮ ಇದೇ, ಕೆಲಸ ಬೇರೆ. ಭತ್ತದ ಕೊಯ್ಲು ಮುಗಿದು ಗದ್ದೆಗೆ ಶೇಂಗಾ, ತರಕಾರಿ ಹಾಕುವ ಹೊತ್ತು ಇದು. ದಿನಾ ನೀರು ಹಾಕುವುದನ್ನು ನಿಮ್ಮ ಕೆಲಸ ಮಾಡಿಕೊಳ್ಳಿ. ಮೀನುಗಾರರ ಮನೆಯಾದರೆ ಬಲೆ ರಿಪೇರಿಗೆ ಕೂರುವ ಹೊತ್ತೇ ನಿಮ್ಮ ಸುಲಿಗೆಯ ರಾತ್ರಿ. ಬೋಟಿಗೆ ಹೋಗುವ ಆಸೆ ಇದ್ದರೆ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ.

ಎಚ್ಚರಿಕೆಯ ಚಿಹ್ನೆಗಳು

ಜ್ವರ: ಡಿಸೆಂಬರ್‌ನಿಂದ ಮೇವರೆಗೆ ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಕಾಲ. ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ. ದರಕು (ಒಣ ಎಲೆ) ತರಲು, ಸೊಪ್ಪಿಗೆ ಅಂತ ಬೆಟ್ಟಕ್ಕೆ ಹೋಗುವುದಾದರೆ ಮೈ ಮುಚ್ಚುವ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ ಬಟ್ಟೆ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಒಮ್ಮೆಲೇ ಏರುವ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ಮನೆಯಲ್ಲಿದ್ದ ನೋವಿನ ಗುಳಿಗೆ ನೀವೇ ನುಂಗಬೇಡಿ.

ಮಾತು ನಿಂತಿರುವುದು: ಎರಡು ದಿನದಿಂದ ಅಪ್ಪನೂ ನೀವೂ ಆಯಿಯ ಮೂಲಕವೇ ಮಾತಾಡುತ್ತಿದ್ದೀರಿ ಅಂತಾದರೆ ಕಾಯಬೇಡಿ. ವಾದ ಎತ್ತದೆ ತೋಟಕ್ಕೆ ಜೊತೆಗೆ ಹೋಗಿ. ಮಾತು ತಾನಾಗಿ ಶುರುವಾಗುತ್ತದೆ.

ಮನಸ್ಸು: ನಿದ್ದೆ ಇಲ್ಲ, ಊಟ ಬೇಡ, ಯಾರೂ ಬೇಡ ಅನ್ನಿಸುವುದು ವಾರ ದಾಟಿದರೆ ಅದನ್ನು ಪರೀಕ್ಷೆಯ ಸುಸ್ತು ಅಂತ ಬಿಡಬೇಡಿ. ಮನೆಯಲ್ಲಿ ಒಬ್ಬರಿಗೆ ಹೇಳಿ. ಹೇಳಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಂತ 9: ಹೊರಡುವ ಎರಡು ದಿನ ಮೊದಲು

ನಿಮ್ಮ ಕೆಲಸವನ್ನು ಯಾರಿಗಾದರೂ ಒಪ್ಪಿಸಿ. ಅಡಿಕೆಯ ಯಾವ ತಟ್ಟಿ ಎಷ್ಟು ಒಣಗಿದೆ, ಯಾವುದಕ್ಕೆ ಇನ್ನೂ ಬಿಸಿಲು ಬೇಕು ಅಂತ ತೋರಿಸಿ. ಸುಲಿಗೆಯ ಲೆಕ್ಕ ಒಟ್ಟು ಹಾಕಿ ಅಪ್ಪನ ಕೈಗೆ ಕೊಡಿ. ಅಜ್ಜ ಹೇಳಿದ ಪುಟಗಳ ಫೋಟೋ ತೆಗೆದುಕೊಳ್ಳಿ, ನೋಟ್‌ಬುಕ್ಕು ಮನೆಯಲ್ಲೇ ಇರಲಿ. ಉಪ್ಪಿನಕಾಯಿ ಬಾಟಲಿ ಬ್ಯಾಗಿಗೆ ಜಾಸ್ತಿ ಭಾರ ಅನ್ನಬೇಡಿ, ಆಯಿ ಕೊಟ್ಟಷ್ಟನ್ನೂ ಒಯ್ಯಿರಿ.

ಹಾಸ್ಟೆಲ್ ಸೇರಿದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ, "ನಾನು ಶಿರಸಿ ಕಡೆಯ ಕಾಡಂಚಿನ ಮನೆಯಿಂದ ಬಂದಿದ್ದೇನೆ, ಬೆಟ್ಟಕ್ಕೆ ಹೋಗಿದ್ದೆ" ಅಂತ ವೈದ್ಯರಿಗೆ ಮೊದಲೇ ಹೇಳಿ. ಬೆಂಗಳೂರಿನ ವೈದ್ಯರಿಗೆ ಮಂಗನ ಕಾಯಿಲೆ ತಟ್ಟನೆ ಹೊಳೆಯುವುದಿಲ್ಲ.

ತಲುಪಿದ ರಾತ್ರಿ ಮನೆಗೆ ಫೋನ್ ಮಾಡಿದಾಗ "ಮುಟ್ಟಿದೆ" ಅಂತ ಹೇಳಿ ಇಟ್ಟುಬಿಡಬೇಡಿ. ಇವತ್ತು ತಾಡಪತ್ರಿ ಮುಚ್ಚಿದ್ದು ಯಾರು, ಮುಂದಿನ ಕೊಯ್ಲಿಗೆ ಕೊನೆಗೌಡ ಯಾವಾಗ ಬರುತ್ತಾನಂತೆ, ಅದನ್ನೂ ಕೇಳಿ.